27 ನಿಮಿಷದ ಓಟಗಾರ 29 ನಿಮಿಷದ ಓಟದಲ್ಲಿ 16ನೆಯವರಾಗಿದ್ದು ಹೇಗೆ?

2025ರ ಸೆಪ್ಟೆಂಬರ್ 14ರ ರಾತ್ರಿ ಟೋಕಿಯೋದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ 10,000 ಮೀಟರ್ ಓಟ ನಡೆಯಿತು. ಫ್ರಾನ್ಸಿನ ಜಿಮ್ಮಿ ಗ್ರೆಸಿಯೇ 28 ನಿಮಿಷ 55.77 ಸೆಕೆಂಡಿನಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಭಾರತದ ಗುಲ್ವೀರ್ ಸಿಂಗ್ 29 ನಿಮಿಷ 13.33 ಸೆಕೆಂಡ್ ತೆಗೆದುಕೊಂಡು 16ನೇ ಸ್ಥಾನದಲ್ಲಿ ಮುಗಿಸಿದರು.

ಇಷ್ಟೇ ಆಗಿದ್ದರೆ ನಮ್ಮ ಓಟಗಾರನಿಗೆ ವೇಗ ಸಾಲಲಿಲ್ಲ ಅಂತ ಸುಮ್ಮನಾಗಬಹುದಿತ್ತು. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ, ಅಮೆರಿಕದ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ ಎಂಬ ಊರಿನಲ್ಲಿ, ಇದೇ ಗುಲ್ವೀರ್ ಇದೇ ದೂರವನ್ನು 27 ನಿಮಿಷ 0.22 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದಿದ್ದರು. ಅಂದ್ರೆ ಟೋಕಿಯೋದ ಚಿನ್ನದ ಓಟಕ್ಕಿಂತ 1 ನಿಮಿಷ 55 ಸೆಕೆಂಡ್ ಬೇಗ. ಕಾಗದದ ಮೇಲೆ ಲೆಕ್ಕ ಹಾಕಿದರೆ, ಮಾರ್ಚ್‌ನ ಗುಲ್ವೀರ್ ಗುರಿ ಮುಟ್ಟುವ ಹೊತ್ತಿಗೆ ಸೆಪ್ಟೆಂಬರ್‌ನ ವಿಶ್ವ ಚಾಂಪಿಯನ್ ಇನ್ನೂ ಒಂದೂವರೆ ಸುತ್ತಿಗಿಂತ ಹೆಚ್ಚು ಓಡಬೇಕಿತ್ತು.

ಹುಣಸೂರು ತಾಲ್ಲೂಕಿನ ಗಾವಡಗೆರೆ ಕಡೆಯ, ಪಿಯುಸಿ ಓದುವ ಹುಡುಗನೊಬ್ಬ ಈ ಎರಡು ಅಂಕಿಗಳನ್ನು ಮುಂದಿಟ್ಟು ನನಗೆ ಕೇಳಿದ ಪ್ರಶ್ನೆ ನೇರವಾಗಿತ್ತು: "ಅಣ್ಣ, ಮಾರ್ಚಲ್ಲಿ ಓಡಿದ ಹಂಗೇ ಓಡಿದ್ರೆ ಚಿನ್ನ ಬರ್ತಿತ್ತಲ್ವಾ?"

ಒಳ್ಳೆ ಪ್ರಶ್ನೆ. ಎಂಜಿನಿಯರಿಂಗ್ ಡಿಗ್ರಿ ನನಗೆ ಅನ್ನಕ್ಕೆ ದಾರಿಯಾಗಲಿಲ್ಲ, ಇಂಥ ಲೆಕ್ಕಕ್ಕಾದರೂ ಆಗಲಿ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ದೂರದ ಓಟ ಅನ್ನೋದು ನಿಜಕ್ಕೂ ಏನು ಅಂತ ಅರ್ಥವಾಗುತ್ತೆ. ನಮ್ಮ ಹೋಬಳಿ ಮಟ್ಟದ ಕೂಟಗಳಲ್ಲಿ ಏನು ಕಳೆದುಹೋಗ್ತಿದೆ ಅನ್ನೋದೂ ಕಾಣುತ್ತೆ.

ದಾಖಲೆಯ ಓಟ, ಪದಕದ ಓಟ

ಟ್ರ್ಯಾಕ್ ಒಂದೇ, ದೂರವೂ ಒಂದೇ. ಆದರೂ ಇವು ಬೇರೆ ಬೇರೆ ಆಟಗಳು.

ದಾಖಲೆಯ ಓಟವನ್ನು ದಾಖಲೆಗಾಗಿಯೇ ಏರ್ಪಡಿಸುತ್ತಾರೆ. ಹವೆ ತಂಪಾಗಿರುವ ತಿಂಗಳು ಮತ್ತು ಹೊತ್ತು ಆರಿಸುತ್ತಾರೆ. ಮುಂದೆ ಓಡಿ ವೇಗ ಕಾಯ್ದುಕೊಡಲು ಪೇಸರ್‌ಗಳನ್ನು ನೇಮಿಸುತ್ತಾರೆ. ಪೇಸರ್ ಕೆಲಸ ಗೆಲ್ಲುವುದಲ್ಲ. ಗೊತ್ತುಪಡಿಸಿದ ವೇಗದಲ್ಲಿ ಅರ್ಧ ದೂರವೋ ಇನ್ನಷ್ಟೋ ಓಡಿ ಪಕ್ಕಕ್ಕೆ ಸರಿಯುವುದು. 2020ರಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೈ ಸ್ಪೇನಿನ ವೆಲೆನ್ಸಿಯಾದಲ್ಲಿ 26 ನಿಮಿಷ 11 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗ ಪೇಸರ್‌ಗಳಿದ್ದರು. ಜತೆಗೆ ಟ್ರ್ಯಾಕಿನ ಒಳ ಅಂಚಿನುದ್ದಕ್ಕೂ ದಾಖಲೆಯ ವೇಗದಲ್ಲೇ ಸರಿದುಹೋಗುವ ದೀಪಗಳಿದ್ದವು. ಓಟಗಾರ ಆ ಬೆಳಕಿನ ಜೊತೆ ಓಡಿದರೆ ಸಾಕು.

ಚಾಂಪಿಯನ್‌ಷಿಪ್‌ನಲ್ಲಿ ಪೇಸರ್ ಇರಲ್ಲ. ಎಲ್ಲರೂ ಗೆಲ್ಲೋಕೇ ಬಂದವರು, ಬೇರೆಯವರಿಗಾಗಿ ಯಾರು ಯಾಕೆ ದುಡೀಬೇಕು? ಗಡಿಯಾರದ ಅಂಕಿಗೆ ಅಲ್ಲಿ ಪದಕವಿಲ್ಲ, ಪದಕ ಇರೋದು ಮೊದಲ ಮೂವರಿಗೆ. ಹಾಗಾಗಿ ಗುಂಪು ಕಾಯುತ್ತೆ. ಟೋಕಿಯೋದಲ್ಲಿ ಗೆದ್ದವರ ಸರಾಸರಿ ತೆಗೆದರೆ ಒಂದು ಸುತ್ತಿಗೆ 69.4 ಸೆಕೆಂಡ್. ಗುಲ್ವೀರ್ ಅವರ ದಾಖಲೆಯ ಓಟದ ಸರಾಸರಿ 64.8 ಸೆಕೆಂಡ್.

ಹಾಗಾದರೆ ಗುಲ್ವೀರ್ ಒಬ್ಬರೇ ಮುಂದೆ ನುಗ್ಗಿ, ಪ್ರತಿ ಸುತ್ತನ್ನೂ 64.8ರಲ್ಲಿ ಓಡಬಹುದಿತ್ತಲ್ಲ? ಹುಡುಗನ ಪ್ರಶ್ನೆಯ ತಿರುಳು ಇದೇ. ಹಾಗೆ ಓಡದಂತೆ ತಡೆಯುವವು ಎರಡು: ಸೆಕೆ ಮತ್ತು ಗಾಳಿ.

ಬ್ಯಾರನ್ ಗೊತ್ತಿದ್ದವರಿಗೆ ಟೋಕಿಯೋ ಗೊತ್ತು

60 ಕೆ.ಜಿ. ತೂಕದ ಓಟಗಾರ ಒಂದು ಕಿಲೋಮೀಟರ್ ಓಡಲು ಸುಮಾರು 60 ಕಿಲೋಕ್ಯಾಲೊರಿ ಖರ್ಚು ಮಾಡ್ತಾನೆ. 29 ನಿಮಿಷದಲ್ಲಿ 10 ಕಿಲೋಮೀಟರ್ ಅಂದ್ರೆ 1,400 ವ್ಯಾಟ್‌ಗಿಂತ ಹೆಚ್ಚು. ಅದರಲ್ಲಿ ಮುಕ್ಕಾಲು ಭಾಗ ಓಟಕ್ಕಲ್ಲ, ಬರೀ ಶಾಖವಾಗಿ ಹೋಗುತ್ತೆ. ಅಂದ್ರೆ ಸ್ನಾನದ ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇದೆಯಲ್ಲ, ಅಂಥದ್ದೊಂದನ್ನು ಅರ್ಧ ಗಂಟೆ ಹೊಟ್ಟೆಯೊಳಗೆ ಹಚ್ಚಿಕೊಂಡು ಓಡಿದ ಹಾಗೆ. ಈ ಶಾಖ ಹೊರಹೋಗಲು ಮುಖ್ಯ ದಾರಿ ಬೆವರು. ಬೆವರು ಹರಿದು ನೆಲಕ್ಕೆ ಬಿದ್ದರೆ ಉಪಯೋಗವಿಲ್ಲ, ಮೈಮೇಲೆ ಆರಬೇಕು. ಆರಿದಾಗ ಮಾತ್ರ ಶಾಖವನ್ನು ಹೊತ್ತೊಯ್ಯುತ್ತೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾರನ್ನಿನ ಒಳಗೆ ಎಷ್ಟೇ ಸೌದೆ ಉರಿಸಿದರೂ, ಮೇಲಿನ ಕಿಂಡಿ ತೆಗೆದು ತೇವದ ಗಾಳಿಯನ್ನು ಹೊರಗೆ ಬಿಡದಿದ್ದರೆ ಸೊಪ್ಪು ಒಣಗಲ್ಲ. ಒಳಗಿನ ಗಾಳಿಯೇ ನೀರು ಕುಡಿದು ಕೂತಿದ್ದರೆ ಎಲೆಯ ನೀರು ಎಲ್ಲಿಗೆ ಹೋಗಬೇಕು? ಸೆಪ್ಟೆಂಬರ್‌ನ ಟೋಕಿಯೋ ಅಂಥ ಕಿಂಡಿ ಮುಚ್ಚಿದ ಬ್ಯಾರನ್. ರಾತ್ರಿಯಾದರೂ ಸೆಕೆ ಬಿಡಲ್ಲ, ಗಾಳಿಯ ತುಂಬ ತೇವ. ಅಲ್ಲಿ 64.8ರ ಸುತ್ತುಗಳನ್ನು ಓಡಲು ಹೊರಟವನ ಮೈ ಶಾಖ ಹತ್ತನೆಯ ಸುತ್ತಿಗೋ ಹದಿನೈದನೆಯ ಸುತ್ತಿಗೋ ಏರಿ, ಕಾಲು ತಾನಾಗಿಯೇ ನಿಧಾನವಾಗುತ್ತೆ. ಅದು ಹೇಡಿತನ ಅಲ್ಲ, ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ.

ಇನ್ನು ಗಾಳಿ. ಗಂಟೆಗೆ 21 ಕಿಲೋಮೀಟರ್ ವೇಗದಲ್ಲಿ ಓಡುವವನಿಗೆ, ಗಾಳಿಯೇ ಬೀಸದ ರಾತ್ರಿಯಲ್ಲೂ ಅಷ್ಟೇ ವೇಗದ ಎದುರುಗಾಳಿ ತಾಗುತ್ತೆ. ಸೈಕಲ್ ತುಳಿದವರಿಗೆ ಇದು ಅನುಭವದ ಮಾತು. ಮುಂದಿನವನ ಬೆನ್ನ ಹಿಂದೆ ಸೇರಿಕೊಂಡರೆ ತಡೆ ಬಹುಮಟ್ಟಿಗೆ ತಗ್ಗುತ್ತೆ. 1953ರ ಎವರೆಸ್ಟ್ ತಂಡದಲ್ಲಿದ್ದ ಬ್ರಿಟಿಷ್ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ, 1970ರ ದಶಕದ ಆರಂಭದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಒಂದು ಸುತ್ತಿನಲ್ಲಿ ಉಳಿಯುವ ಶಕ್ತಿ ಅಲ್ಪ. ಆದರೆ 25 ಸುತ್ತು ಕೂಡಿಸಿದರೆ, ಮುಂದೆ ಓಡಿದವನು ಹಿಂದಿನವರಿಗೆಲ್ಲ ಪುಕ್ಕಟೆ ದುಡಿದ ಹಾಗಾಗುತ್ತೆ. ಕೊನೆಗೆ ಅವರೇ ಇವನನ್ನು ದಾಟಿ ಹೋಗ್ತಾರೆ.

ಚಾಂಪಿಯನ್‌ಷಿಪ್ ಓಟ ಯಾವಾಗಲೂ ನಿಧಾನ ಅಂತಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಮೂವರು ಮೊದಲಿನಿಂದಲೇ ಸರದಿಯ ಮೇಲೆ ಮುಂದಾಳತ್ವ ವಹಿಸಿ ವೇಗ ಏರಿಸಿದರು. ಚೆಪ್ಟೆಗೈ 26 ನಿಮಿಷ 43.14 ಸೆಕೆಂಡಿನ ಒಲಿಂಪಿಕ್ ದಾಖಲೆಯೊಂದಿಗೆ ಗೆದ್ದರು. ಆದರೆ ಅದಕ್ಕೆ ಒಂದೇ ದೇಶದ ಮೂವರು ಸಮಾನ ಓಟಗಾರರು ಬೇಕಾಯಿತು. ಟೋಕಿಯೋದ 10,000 ಮೀಟರ್‌ನಲ್ಲಿ ಗುಲ್ವೀರ್ ಭಾರತದಿಂದ ಒಬ್ಬರೇ. ಒಂಟಿಯಾಗಿ ನುಗ್ಗಿದ್ದರೆ ಬಹುಶಃ 16ನೇ ಸ್ಥಾನವೂ ಸಿಗುತ್ತಿರಲಿಲ್ಲ.

ಅರ್ಧ ಮೀಟರ್ ಹೊರಗೆ ಓಡಿದರೆ ಏನಾಗುತ್ತೆ?

ಈಗ ಟಿವಿಯಲ್ಲಿ ಕಾಣದ ಸಂಗತಿಗೆ ಬರೋಣ. 400 ಮೀಟರ್ ಟ್ರ್ಯಾಕ್ ಅಂದ್ರೆ ತಲಾ 84.39 ಮೀಟರ್‌ನ ಎರಡು ನೇರ ಭಾಗ, ಅವನ್ನು ಕೂಡಿಸುವ ಎರಡು ಅರ್ಧವೃತ್ತ. ಒಳ ಅಂಚಿನ ತ್ರಿಜ್ಯ 36.5 ಮೀಟರ್. ಆದರೆ ಓಟಗಾರ ಅಂಚಿನ ಮೇಲೇ ಓಡಲ್ಲ ಅಂತ, ಅಲ್ಲಿಂದ 30 ಸೆಂಟಿಮೀಟರ್ ಹೊರಗೆ ಅಳೀತಾರೆ. ಆ ಗೆರೆಯ ಉದ್ದ ಸರಿಯಾಗಿ 400 ಮೀಟರ್.

ತಿರುವಿನಲ್ಲಿ ಇದಕ್ಕಿಂತ ಅರ್ಧ ಮೀಟರ್ ಹೊರಗೆ ಓಡಿದರೆ? ಎರಡು ಅರ್ಧವೃತ್ತ ಸೇರಿ ಒಂದು ಪೂರ್ತಿ ವೃತ್ತ. ಹೆಚ್ಚುವರಿ ದೂರ ಎರಡು ಪೈ ಗುಣಿಸು ಅರ್ಧ ಮೀಟರ್, ಅಂದ್ರೆ ಸುತ್ತಿಗೆ 3.14 ಮೀಟರ್. 25 ಸುತ್ತಿಗೆ 78 ಮೀಟರ್‌ಗೂ ಹೆಚ್ಚು. ಪೂರ್ತಿ ಓಟವನ್ನು ಎರಡನೇ ಲೇನಿನಲ್ಲೇ ಓಡುವವನು ಸುತ್ತಿಗೆ 7 ಮೀಟರ್‌ನಂತೆ ಒಟ್ಟು 176 ಮೀಟರ್ ಹೆಚ್ಚು ಓಡ್ತಾನೆ. ಇಪ್ಪತ್ತಕ್ಕೂ ಹೆಚ್ಚು ಮಂದಿಯ ಗುಂಪಿನಲ್ಲಿ ಎಲ್ಲರೂ ಒಳಗೆರೆಗೆ ಅಂಟಿಕೊಂಡಿರಲು ಆಗಲ್ಲ. ಒಳಗೆ ಇದ್ದವನಿಗೆ ದೂರ ಕಮ್ಮಿ. ಆದರೆ ಮುಂದಿನವನು ನಿಂತರೆ ಇವನೂ ಸಿಕ್ಕಿಹಾಕಿಕೊಳ್ತಾನೆ. ಹೊರಗೆ ಇದ್ದವನಿಗೆ ದೂರ ಜಾಸ್ತಿ, ಆದರೆ ನುಗ್ಗಲು ದಾರಿ ತೆರೆದಿರುತ್ತೆ. ಯಾವ ಸುತ್ತಿನಲ್ಲಿ ಒಳಗೆ, ಯಾವ ಸುತ್ತಿನಲ್ಲಿ ಹೊರಗೆ ಅನ್ನೋ ತೀರ್ಮಾನವನ್ನು ಓಡುತ್ತಲೇ ಮಾಡಬೇಕು.

ಈ ಲೆಕ್ಕದಲ್ಲಿ ನನಗೆ ತುಂಬ ಇಷ್ಟವಾದದ್ದು ಇನ್ನೊಂದಿದೆ. ಹೆಚ್ಚುವರಿ ದೂರಕ್ಕೂ ಟ್ರ್ಯಾಕಿನ ಗಾತ್ರಕ್ಕೂ ಸಂಬಂಧವೇ ಇಲ್ಲ. ನಮ್ಮ ಶಾಲೆಗಳ ಮೈದಾನದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ಸುಣ್ಣದಲ್ಲಿ ಎಳೆಯುವ 200 ಮೀಟರ್ ಟ್ರ್ಯಾಕಿನಲ್ಲೂ ಅರ್ಧ ಮೀಟರ್ ಹೊರಗೆ ಓಡಿದರೆ ಸುತ್ತಿಗೆ ಅದೇ 3.14 ಮೀಟರ್. ಆದರೆ ಅಲ್ಲಿ 3,000 ಮೀಟರ್‌ಗೆ ಏಳೂವರೆ ಸುತ್ತಲ್ಲ, 15 ಸುತ್ತು. ಅಂದ್ರೆ 47 ಮೀಟರ್ ಹೆಚ್ಚು. ಸುತ್ತಿಗೆ 40 ಸೆಕೆಂಡ್ ಓಡುವ ಹುಡುಗನಿಗೆ ಅದು 9 ಸೆಕೆಂಡಿನ ನಷ್ಟ. ಗೆದ್ದವನು ಮತ್ತು ಮೂರನೆಯವನ ನಡುವೆ ಎಷ್ಟೋ ಸಲ ಅಷ್ಟು ಅಂತರವೇ ಇರಲ್ಲ. "ಒಳಗಡೆ ಗೆರೆ ಹಿಡ್ಕೊಂಡು ಓಡೋ" ಅಂತ ಪಿಟಿ ಮೇಷ್ಟ್ರು ಕೂಗೋದು ಸುಮ್ಮನೆ ಅಲ್ಲ.

ಆದರೆ ಗೆರೆ ಹಿಡಿಯಬೇಕು, ದಾಟಬಾರದು. 2018ರ ಆಗಸ್ಟ್ 26ರಂದು ಜಕಾರ್ತಾ ಏಷ್ಯನ್ ಗೇಮ್ಸ್‌ನ 10,000 ಮೀಟರ್‌ನಲ್ಲಿ ತಮಿಳುನಾಡಿನ ಜಿ. ಲಕ್ಷ್ಮಣನ್ 29 ನಿಮಿಷ 44.91 ಸೆಕೆಂಡಿನಲ್ಲಿ ಮೂರನೆಯವರಾಗಿ ಬಂದರು. ಹಿಂದಿನ ವರ್ಷ ಭುವನೇಶ್ವರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 5,000 ಮತ್ತು 10,000 ಎರಡರಲ್ಲೂ ಚಿನ್ನ ಗೆದ್ದಿದ್ದವರು ಅವರು. ಕಂಚು ಖಚಿತವಾಯಿತು ಅಂತ ಸಂಭ್ರಮಿಸುವಷ್ಟರಲ್ಲಿ ಅವರನ್ನು ಅನರ್ಹಗೊಳಿಸಲಾಯಿತು. ಓಟದ ನಡುವೆ ಕಾಲು ಒಳ ಅಂಚಿನ ಆಚೆಗೆ ಬಿದ್ದಿತ್ತು. ಪದಕ ಚೀನಾದ ಓಟಗಾರನ ಪಾಲಾಯಿತು. ಅರ್ಧ ಗಂಟೆಯ ಶ್ರಮ, ಅದರ ಹಿಂದಿನ ವರ್ಷಗಳ ತಾಲೀಮು, ಎಲ್ಲವೂ ಒಂದು ಹೆಜ್ಜೆಯಲ್ಲಿ ಹೋಯಿತು. ತಿರುವಿನಲ್ಲಿ ಒಳಗೆ ಕಾಲಿಟ್ಟರೆ ದೂರ ಕಮ್ಮಿಯಾಗುತ್ತೆ ಅನ್ನೋದು ನಿಯಮದ ಹಿಂದಿನ ತರ್ಕ. ಆ ಒಂದು ಹೆಜ್ಜೆಯಿಂದ ಲಕ್ಷ್ಮಣನ್‌ಗೆ ಏನು ಲಾಭವಾಗಿತ್ತು ಅಂತ ಕೇಳಿದರೆ ಹೆಚ್ಚೇನಿಲ್ಲ. ಆದರೂ ಆಗಿನ ನಿಯಮ ಹಾಗಿತ್ತು.

ಕೊನೆಯ ಸುತ್ತಿನ ಏಳು ಸೆಂಟಿಮೀಟರ್

ಟೋಕಿಯೋದಲ್ಲಿ ಬೆಳ್ಳಿ ಗೆದ್ದ ಇಥಿಯೋಪಿಯಾದ ಯೊಮಿಫ್ ಕೆಜೆಲ್ಚಾ ಹಿಂದೆ ಬಿದ್ದದ್ದು 0.06 ಸೆಕೆಂಡ್. ಸ್ವೀಡನ್ನಿನ ಆಂಡ್ರಿಯಾಸ್ ಆಲ್ಮ್‌ಗ್ರೆನ್ 28:56.02ರಲ್ಲಿ ಕಂಚು ಪಡೆದರು. ಮೂವರೂ ಕಾಲು ಸೆಕೆಂಡಿನೊಳಗೆ. ಕೆಜೆಲ್ಚಾ ಅವರ ವೈಯಕ್ತಿಕ ಶ್ರೇಷ್ಠ ಸಮಯ 26 ನಿಮಿಷ 31 ಸೆಕೆಂಡ್, ಗುಲ್ವೀರ್ ಅವರದಕ್ಕಿಂತ ಅರ್ಧ ನಿಮಿಷ ಬೇಗ. ಅವರಿಗೂ ಚಿನ್ನ ಸಿಗಲಿಲ್ಲ. 1983ರ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಟಲಿಯ ಅಲ್ಬೆರ್ಟೊ ಕೋವಾ ಗೆದ್ದ ಮೇಲೆ, ಆಫ್ರಿಕಾದಲ್ಲಿ ಹುಟ್ಟದ ಓಟಗಾರ ಈ ಚಿನ್ನ ಗೆದ್ದದ್ದು ಗ್ರೆಸಿಯೇ ಅವರೇ ಮೊದಲು.

ಇಂಥ ಓಟದ ಕೊನೆಯ ಸುತ್ತು ಸಾಮಾನ್ಯವಾಗಿ 53ರಿಂದ 56 ಸೆಕೆಂಡಿನಲ್ಲಿ ಮುಗಿಯುತ್ತೆ. ಅಂದ್ರೆ ಸೆಕೆಂಡಿಗೆ ಸುಮಾರು 7.4 ಮೀಟರ್. ಆ ವೇಗದಲ್ಲಿ 0.06 ಸೆಕೆಂಡ್ ಅಂದ್ರೆ 44 ಸೆಂಟಿಮೀಟರ್. ಮೇಲಿನ ಪೈ ಲೆಕ್ಕವನ್ನು ತಿರುಗಿಸಿ ಹಾಕಿ ನೋಡಿ: ಕೊನೆಯ ಒಂದೇ ಒಂದು ಸುತ್ತಿನ ತಿರುವುಗಳಲ್ಲಿ ಬರೀ 7 ಸೆಂಟಿಮೀಟರ್ ಹೊರಗೆ ಓಡಿದರೆ ಆಗುವ ನಷ್ಟ ಅಷ್ಟೇ. 9,600 ಮೀಟರ್ ಓಡಿ ಬಂದ ಮೇಲೆ ಏಳು ಸೆಂಟಿಮೀಟರ್.

ಸಮಯ ದಾಖಲೆಗಿಂತ ಎರಡು ನಿಮಿಷ ಹಿಂದಿದ್ದರೂ ಕೊನೆಯ ಸುತ್ತು ನಿಧಾನವಲ್ಲ. ಮೊದಲ 20 ಸುತ್ತು ಎಲ್ಲರೂ ಶಕ್ತಿ ಉಳಿಸಿಕೊಂಡಿರುವುದರಿಂದ ಕೊನೆಯ ಎರಡು ಕಿಲೋಮೀಟರ್ ಬೇರೆಯದೇ ಓಟವಾಗುತ್ತೆ. 64.8ರ ಸುತ್ತನ್ನು 25 ಬಾರಿ ಓಡುವ ಶಕ್ತಿ ಒಂದು ಬಗೆಯದು. 70ರ ಸುತ್ತುಗಳಿಂದ ದಿಢೀರನೆ 60ಕ್ಕೆ, ಅಲ್ಲಿಂದ 55ಕ್ಕೆ ಹಾರುವ ಶಕ್ತಿ ಇನ್ನೊಂದು ಬಗೆಯದು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಗುಲ್ವೀರ್ ಮಾರ್ಚ್‌ನಲ್ಲಿ ತೋರಿಸಿದ್ದು ಮೊದಲನೆಯದನ್ನು. ಟೋಕಿಯೋ ಕೇಳಿದ್ದು ಎರಡನೆಯದನ್ನು.

ಏಷ್ಯಾ ಮಟ್ಟದಲ್ಲಿ ಅವರ ಬಳಿ ಆ ಎರಡನೆಯದೂ ಇದೆ. 2025ರ ಮೇ 27ರಂದು ದಕ್ಷಿಣ ಕೊರಿಯಾದ ಗುಮಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ 10,000 ಮೀಟರ್ ಚಿನ್ನ ಗೆದ್ದಾಗ ಅವರ ಸಮಯ 28:38.63, ತಮ್ಮದೇ ದಾಖಲೆಗಿಂತ 98 ಸೆಕೆಂಡ್ ತಡ. ಮೂರು ದಿನದ ನಂತರ 13:24.77ರಲ್ಲಿ 5,000 ಮೀಟರ್ ಚಿನ್ನವನ್ನೂ ಗೆದ್ದರು. ಅಲ್ಲಿ ತಡವಾಯಿತು ಅಂತ ಯಾರೂ ಗೊಣಗಲಿಲ್ಲ. ಅದೇ ಗುಲ್ವೀರ್ ಟೋಕಿಯೋದಲ್ಲಿ 5,000 ಮೀಟರ್ ಹೀಟ್ಸ್‌ನಲ್ಲಿ ಒಂಬತ್ತನೆಯವರಾಗಿ, ಒಂದೇ ಸ್ಥಾನದಿಂದ ಫೈನಲ್ ತಪ್ಪಿಸಿಕೊಂಡರು. ಏಷ್ಯಾದ ಗುಂಪಿನಲ್ಲಿ ಸಾಕಾಗುವ ಕೊನೆಯ ಜಿಗಿತ ವಿಶ್ವದ ಗುಂಪಿನಲ್ಲಿ ಸಾಕಾಗಲಿಲ್ಲ.

ಈ ವಿದ್ಯೆ ಒಂಟಿಯಾಗಿ ಸುತ್ತು ಹಾಕಿದರೆ ಬರಲ್ಲ, ತನಗಿಂತ ಬಲವಾದವರ ನಡುವೆ ಮತ್ತೆ ಮತ್ತೆ ಓಡಿದರೆ ಬರುತ್ತೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಾರಾಷ್ಟ್ರದ ಅವಿನಾಶ್ ಸಾಬ್ಳೆ 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಕೀನ್ಯಾದ ಅಬ್ರಹಾಂ ಕಿಬಿವೊಟ್ ಅವರಿಗಿಂತ ಬರೀ 0.05 ಸೆಕೆಂಡ್ ಹಿಂದೆ ಬಂದು ಬೆಳ್ಳಿ ಗೆದ್ದರು. ಸಾಬ್ಳೆ, ಗುಲ್ವೀರ್ ಇಬ್ಬರೂ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ತರಬೇತಿ ಪಡೆದವರು. ಬರೀ ಎತ್ತರದ ಜಾಗ ಬೇಕಿದ್ದರೆ ಮೈಸೂರಿನ ಪಕ್ಕದಲ್ಲೇ ಊಟಿ ಇದೆ, ಭಾರತದ ದೂರದ ಓಟಗಾರರು ಅಲ್ಲೂ ಅಭ್ಯಾಸ ಮಾಡ್ತಾರೆ. ಆದರೆ ಜೊತೆಗೆ ಓಡುವ ಬಲವಾದ ಗುಂಪು, ವಾರ ಬಿಟ್ಟು ವಾರ ಸಿಗುವ ಪೈಪೋಟಿ ಊಟಿಯ ಗುಡ್ಡದಲ್ಲಿ ಬೆಳೆಯಲ್ಲ.

ಹಾಗಾದರೆ ಗಡಿಯಾರ ಬೇಡವೇ?

ಬೇಕು. ವಿಶ್ವ ಚಾಂಪಿಯನ್‌ಷಿಪ್‌ಗೆ ನುಗ್ಗಲು ಅದು ಬೇಕೇ ಬೇಕು. ಟೋಕಿಯೋದ 10,000 ಮೀಟರ್‌ಗೆ ನೇರ ಅರ್ಹತೆಯ ಸಮಯ 27 ನಿಮಿಷ 00.00 ಸೆಕೆಂಡ್ ಇತ್ತು. ಗುಲ್ವೀರ್ ಓಡಿದ್ದು 27:00.22. 0.22 ಸೆಕೆಂಡಿನಿಂದ ನೇರ ಬಾಗಿಲು ಮುಚ್ಚಿತು, ರ‍್ಯಾಂಕಿಂಗ್ ಆಧಾರದಲ್ಲಿ ಅವಕಾಶ ಸಿಕ್ಕಿತು. ಅಂದ್ರೆ ಕೂಟದ ಬಾಗಿಲು ತೆರೆಸೋದು ಸಮಯ, ಒಳಗೆ ಹೋದ ಮೇಲೆ ಪದಕ ಕೊಡಿಸೋದು ಸ್ಥಾನ. ಓಟಗಾರನಿಗೆ ಎರಡೂ ಬೇಕು.

ಆ ಬಾಗಿಲ ಹತ್ತಿರ ಹೋಗೋಕೆ ಭಾರತಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಪಂಜಾಬಿನ ಹರಿಚಂದ್ 28:48.72ರ ರಾಷ್ಟ್ರೀಯ ದಾಖಲೆ ಮಾಡಿದರು. ಎರಡು ವರ್ಷದ ಬಳಿಕ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 5,000 ಮತ್ತು 10,000 ಎರಡರಲ್ಲೂ ಚಿನ್ನ ಗೆದ್ದರು. ಅವರ ದಾಖಲೆ 32 ವರ್ಷ ನಿಂತಿತು. 2008ರಲ್ಲಿ ಸುರೇಂದ್ರ ಸಿಂಗ್ ಸ್ಪೇನಿನ ವಿಗೋದಲ್ಲಿ 28:02.89 ಓಡಿದರು. ಅದು ಮತ್ತೆ 16 ವರ್ಷ ನಿಂತಿತು. 2024ರ ಮಾರ್ಚ್‌ನಲ್ಲಿ ಗುಲ್ವೀರ್ ಕ್ಯಾಲಿಫೋರ್ನಿಯಾದಲ್ಲಿ 27:41.81, ನವೆಂಬರ್‌ನಲ್ಲಿ ಜಪಾನಿನ ಹಚಿಯೋಜಿಯಲ್ಲಿ 27:14.88, ಆಮೇಲೆ ಮತ್ತೆ ಕ್ಯಾಲಿಫೋರ್ನಿಯಾದಲ್ಲಿ 27:00.22.

ಊರಿನ ಹೆಸರುಗಳನ್ನು ಇನ್ನೊಮ್ಮೆ ಓದಿ. ಮಾಂಟ್ರಿಯಲ್, ವಿಗೋ, ಕ್ಯಾಲಿಫೋರ್ನಿಯಾ, ಹಚಿಯೋಜಿ. ಒಂದೂ ಭಾರತದ್ದಲ್ಲ. ನಮ್ಮವರ ಕಾಲಲ್ಲಿ ವೇಗ ಇರಲಿಲ್ಲ ಅನ್ನೋದಕ್ಕಿಂತ, ಆ ವೇಗವನ್ನು ಹೊರತೆಗೆಯುವ ಓಟ ಇಲ್ಲಿ ನಡೆಯುತ್ತಿರಲಿಲ್ಲ ಅನ್ನೋದೇ ಹೆಚ್ಚು ನಿಜ ಅಂತ ನನಗನಿಸುತ್ತೆ.

ಹೋಬಳಿ ಕೂಟದಲ್ಲಿ ಬರೆಯದ ಅಂಕಿ

ಇನ್ನು ನಮ್ಮ ಕಡೆಯ ಮಾತು. ಸರ್ಕಾರಿ ಪ್ರೌಢಶಾಲೆಯ ಹುಡುಗನೊಬ್ಬ 3,000 ಮೀಟರ್ ಓಟಗಾರನಾಗಿ ಮೇಲೆ ಬರಬೇಕಾದರೆ ಮೆಟ್ಟಿಲು ಹೀಗಿದೆ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಪ್ರತಿ ಮೆಟ್ಟಿಲಲ್ಲೂ ಒಂದೇ ದಿನ, ಒಂದೇ ಓಟ. ಮುಂದೆ ಬಂದವರು ಮೇಲಕ್ಕೆ, ಉಳಿದವರು ಮನೆಗೆ. ಹೋಬಳಿಯಲ್ಲೇ ಸೋತವನಿಗೆ ಆ ವರ್ಷದ ಓಟ ಮುಗಿದ ಹಾಗೆ.

ಅದೂ ಯಾವ ಕಾಲದಲ್ಲಿ? ಮಳೆಗಾಲದ ನಡುವೆ. ಹುಣಸೂರು, ಪಿರಿಯಾಪಟ್ಟಣ ಕಡೆ ಅದು ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುವ ಕಾಲ. ಮನೆಯ ಎಲ್ಲ ಕೈಗಳಿಗೂ ಕೆಲಸ ಇರುತ್ತೆ. ಹುಡುಗ ಅಭ್ಯಾಸಕ್ಕೆ ಅಂತ ಬೆಳಿಗ್ಗೆ ಒಂದು ಗಂಟೆ ಕೇಳಿದರೆ ಅಪ್ಪ ಸುಮ್ಮನೆ ಮುಖ ನೋಡ್ತಾನೆ. ಮೈದಾನ ಕೆಸರು, ಕಾಲು ಬರಿಗಾಲು. ಸಿಂಥೆಟಿಕ್ ಟ್ರ್ಯಾಕ್ ನೋಡಬೇಕಾದರೆ ಮೈಸೂರಿನ ಚಾಮುಂಡಿ ವಿಹಾರಕ್ಕೆ ಹೋಗಬೇಕು.

ಇಷ್ಟರ ನಡುವೆಯೂ ಹೋಬಳಿ ಕೂಟದ ದೂರದ ಓಟ ಅಪ್ಪಟ ಚಾಂಪಿಯನ್‌ಷಿಪ್ ಓಟ. ಪೇಸರ್ ಇಲ್ಲ, ಬೆಳಕಿನ ದೀಪ ಇಲ್ಲ, ಸ್ಥಾನ ಒಂದೇ ಲೆಕ್ಕ. ಯಾರ ಬೆನ್ನಿಗೆ ಬೀಳಬೇಕು, ಯಾವ ತಿರುವಿನಲ್ಲಿ ದಾಟಬೇಕು, ಕೊನೆಯ ಸುತ್ತಿನ ಗಂಟೆ ಹೊಡೆಯುವ ಮೊದಲೇ ನುಗ್ಗಬೇಕೋ ಆಮೇಲೋ, ಇದನ್ನೆಲ್ಲ ಆ ಹುಡುಗರು ಯಾರೂ ಹೇಳಿಕೊಡದೆ ಕಲೀತಾರೆ. ಟೋಕಿಯೋ ಕೇಳುವ ವಿದ್ಯೆಯ ಅಕ್ಷರಾಭ್ಯಾಸ ಅಲ್ಲೇ ಆಗ್ತಿದೆ.

ಅಲ್ಲಿ ಇಲ್ಲದಿರೋದು ಇನ್ನೊಂದು ಅರ್ಧ. ನಾನು ನೋಡಿದ ಇಂಥ ಕೂಟಗಳಲ್ಲಿ ದೂರದ ಓಟದ ಫಲಿತಾಂಶ ಅಂದ್ರೆ ಪ್ರಥಮ, ದ್ವಿತೀಯ, ತೃತೀಯ ಅಂತ ಮೂರು ಹೆಸರು. ಎಷ್ಟು ಹೊತ್ತಿನಲ್ಲಿ ಓಡಿದರು ಅನ್ನೋದನ್ನು ಬರೆದದ್ದು ಅಪರೂಪ. ಸುಲಭದ ಗುಂಪಿನಲ್ಲಿ 11 ನಿಮಿಷಕ್ಕೆ ಗೆದ್ದ ಹುಡುಗನೂ ಪ್ರಥಮ. ಇನ್ನೊಂದು ಹೋಬಳಿಯ ಕಠಿಣ ಗುಂಪಿನಲ್ಲಿ 10 ನಿಮಿಷಕ್ಕೆ ಓಡಿ ನಾಲ್ಕನೆಯವನಾದ ಹುಡುಗ ಕಾಗದದ ಮೇಲೆ ಇಲ್ಲವೇ ಇಲ್ಲ. ಕೆಸರಿನಲ್ಲಿ ಬರಿಗಾಲಿನಲ್ಲಿ 15 ಸುತ್ತನ್ನು 10 ನಿಮಿಷದಲ್ಲಿ ಮುಗಿಸಿದವನನ್ನು ಕ್ರೀಡಾ ಹಾಸ್ಟೆಲಿನವರು, ತರಬೇತುದಾರರು ಹುಡುಕಿಕೊಂಡು ಬರಬೇಕು. ಆದರೆ ಅವನು ಇದ್ದಾನೆ ಅಂತ ಅವರಿಗೆ ತಿಳಿಯೋದು ಹೇಗೆ?

ಬೆಳಗಾವಿಯ ಚೌಗುಲೆ ಆಂಟ್‌ವರ್ಪ್‌ಗೆ ಹೋದದ್ದು

ನೂರು ವರ್ಷದ ಹಿಂದಿನ ಒಂದು ಉದಾಹರಣೆ ಇದಕ್ಕೆ ಸರಿಹೊಂದುತ್ತೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ 1919ರ ಸುಮಾರಿಗೆ ಅಲ್ಲಿನ ಕ್ರೀಡಾಕೂಟ ನೋಡಿದರು. ಓಡಿದವರು ಹೆಚ್ಚಿನಂಶ ರೈತರ ಮಕ್ಕಳು. ತರಬೇತಿ ಇಲ್ಲ, ಬರಿಗಾಲು, ಓಟದ ನಿಯಮಗಳ ಪರಿಚಯವೂ ಕಮ್ಮಿ. ಆದರೂ ಅವರು ತೆಗೆದುಕೊಂಡ ಸಮಯ ಯುರೋಪಿನವರ ಸಮಯದ ಪಕ್ಕ ಇಡುವಂತಿದೆ ಅನ್ನೋದು ಟಾಟಾ ಕಣ್ಣಿಗೆ ಬಿತ್ತು. ಅಲ್ಲಿಂದ ಹುಟ್ಟಿದ್ದೇ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಕಳಿಸುವ ಯೋಚನೆ.

ಆ ತಂಡದಲ್ಲಿದ್ದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಂಟ್‌ವರ್ಪ್‌ನ ಮ್ಯಾರಥಾನ್ ಈಗಿನ 42.195 ಕಿಲೋಮೀಟರ್‌ಗಿಂತ ಉದ್ದ, 42.75 ಕಿಲೋಮೀಟರ್ ಇತ್ತು. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಗೆದ್ದ ಆ ಓಟವನ್ನು ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು. ಕಿಲೋಮೀಟರಿಗೆ ಸರಾಸರಿ 4 ನಿಮಿಷ. ಇವತ್ತು ಬೆಂಗಳೂರಿನಲ್ಲಿ ದುಬಾರಿ ಶೂ, ಕೈಗೆ ಜಿಪಿಎಸ್ ವಾಚು ಕಟ್ಟಿಕೊಂಡು ಓಡುವ ನನ್ನ ವಯಸ್ಸಿನ ಬಹುತೇಕರಿಗೆ ಎಟುಕದ ವೇಗ ಅದು.

ಚೌಗುಲೆಯಂಥವರ ಕಾಲಲ್ಲಿ ಶಕ್ತಿ ಮೊದಲೂ ಇತ್ತು. ಅದು ಆಂಟ್‌ವರ್ಪ್‌ವರೆಗೆ ಹೋಗಲು ಕಾರಣ, ಯಾರೋ ಗಡಿಯಾರ ಹಿಡಿದು ನಿಂತಿದ್ದರು, ಆ ಅಂಕಿಯನ್ನು ಹೊರಗಿನ ಅಂಕಿಯ ಪಕ್ಕ ಇಟ್ಟು ನೋಡುವವರು ಇದ್ದರು. ಬರಿಗಾಲಿನ ಹುಡುಗರು ನಮ್ಮ ಹೋಬಳಿ ಕೂಟಗಳಲ್ಲಿ ಈಗಲೂ ಇದ್ದಾರೆ. ಗಡಿಯಾರ ಆಗಿನಂತೆ ಅಪರೂಪದ ವಸ್ತು ಅಲ್ಲ, ಮೈದಾನದ ಸುತ್ತ ನಿಂತ ಪ್ರತಿಯೊಬ್ಬರ ಜೇಬಿನಲ್ಲಿದೆ.

ಖರ್ಚಿಲ್ಲದ ಕೆಲಸ

ಟ್ರ್ಯಾಕ್ ಬೇಕು, ಶೂ ಬೇಕು, ಮೊಟ್ಟೆ ಹಾಲು ಬೇಕು, ಪಿಟಿ ಮೇಷ್ಟ್ರ ಖಾಲಿ ಹುದ್ದೆ ತುಂಬಬೇಕು. ಇವನ್ನು ಸರ್ಕಾರದ ಬಳಿ ಕೇಳ್ತಾನೇ ಇರಬೇಕು, ಬಿಡಬಾರದು. ಬರೀ ಸಮಯ ಬರೆದಿಟ್ಟರೆ ಗಾವಡಗೆರೆಯಿಂದ ಒಲಿಂಪಿಯನ್ ಹುಟ್ಟಿಬಿಡ್ತಾನೆ ಅಂತ ನಾನೂ ನಂಬಿಲ್ಲ. ಕೈಯಲ್ಲಿ ಹಿಡಿದ ಮೊಬೈಲಿನ ಸಮಯ ಅರ್ಧ ಸೆಕೆಂಡ್ ಆಚೀಚೆ ಆಗುತ್ತೆ, ಸುಣ್ಣದ ಟ್ರ್ಯಾಕ್ 200 ಮೀಟರ್‌ಗೆ ಎರಡು ಮೀಟರ್ ಕಮ್ಮಿ ಇರಬಹುದು, ಅದೂ ನಿಜ. ಆದರೆ 10 ನಿಮಿಷದ ಹುಡುಗನನ್ನು 11 ನಿಮಿಷದ ಹುಡುಗನಿಂದ ಬೇರೆ ಮಾಡಿ ತೋರಿಸಲು ಅಷ್ಟು ನಿಖರತೆ ಧಾರಾಳ ಸಾಕು.

ಮಾಡಬೇಕಾದ್ದು ಇಷ್ಟು. ಓಟ ಶುರುವಾದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತುವುದು. ಮುಂದಿರುವ ಹುಡುಗ ಪ್ರತಿ ಸುತ್ತು ಮುಗಿಸಿದಾಗ ಲ್ಯಾಪ್ ಗುಂಡಿ ಒತ್ತುವುದು. ಕೊನೆಗೆ ಮೊದಲ ಮೂವರದ್ದಲ್ಲ, ಮೊದಲ ಎಂಟು ಮಂದಿಯ ಸಮಯ ಬರೆಯುವುದು. ಟ್ರ್ಯಾಕ್ ಎಷ್ಟು ಮೀಟರ್, ಒಣಗಿತ್ತೋ ಕೆಸರಿತ್ತೋ ಅಂತ ಪಕ್ಕದಲ್ಲಿ ಒಂದು ಸಾಲು. ತಾಲ್ಲೂಕಿನ ಎಲ್ಲ ಹೋಬಳಿಗಳ ಇಂಥ ಹಾಳೆಗಳನ್ನು ಒಂದು ಕಡೆ ಸೇರಿಸಿದರೆ, ಯಾವ ಹುಡುಗನನ್ನು ಮತ್ತೊಮ್ಮೆ ಕರೆದು ನೋಡಬೇಕು ಅಂತ ಅರ್ಧ ದಿನದಲ್ಲಿ ಗೊತ್ತಾಗುತ್ತೆ. ಸುತ್ತುಗಳ ಸಮಯ ಇನ್ನೂ ಒಂದು ಗುಟ್ಟು ಹೇಳುತ್ತೆ: 14 ಸುತ್ತು 42 ಸೆಕೆಂಡಿನಂತೆ ಓಡಿ, ಕೊನೆಯದನ್ನು 32ರಲ್ಲಿ ಮುಗಿಸಿದ ಹುಡುಗನ ಒಟ್ಟು ಸಮಯ ಸಾಧಾರಣವಾಗಿರಬಹುದು. ಆದರೆ ಟೋಕಿಯೋ ಕೇಳಿದ ಆ ಎರಡನೇ ಬಗೆಯ ಶಕ್ತಿ ಅವನಲ್ಲಿದೆ.

ಮುಂದಿನ ಏಷ್ಯನ್ ಗೇಮ್ಸ್ 2026ರ ಸೆಪ್ಟೆಂಬರ್‌ನಲ್ಲಿ, ಮತ್ತದೇ ಜಪಾನಿನಲ್ಲಿ, ಐಚಿ-ನಗೋಯಾದಲ್ಲಿ. 10,000 ಮೀಟರ್ ಓಟ ಟಿವಿಯಲ್ಲಿ ಬಂದರೆ ಮೊದಲ 20 ಸುತ್ತು ಗಡಿಯಾರ ನೋಡಬೇಡಿ. ನಮ್ಮವರು ಯಾರ ಹಿಂದಿದ್ದಾರೆ, ತಿರುವಿನಲ್ಲಿ ಒಳಗೆರೆಯಿಂದ ಎಷ್ಟು ದೂರದಲ್ಲಿದ್ದಾರೆ, ಮುಂದೆ ದಾರಿ ತೆರೆದಿದೆಯೇ ಅಂತ ನೋಡಿ. ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ನಿಮ್ಮ ಹೋಬಳಿಯ ಶಾಲಾ ಮೈದಾನದಲ್ಲೂ 3,000 ಮೀಟರ್ ಓಟ ಇರುತ್ತೆ. ಅಲ್ಲಿ ಮಾತ್ರ ಗಡಿಯಾರ ನೋಡಿ, ಕಂಡ ಅಂಕಿಯನ್ನು ಹುಡುಗನ ಹೆಸರಿನ ಮುಂದೆ ಬರೆದು ಪಿಟಿ ಮೇಷ್ಟ್ರ ಕೈಗೆ ಕೊಡಿ.